ನಾನು ಹಂಚಿದ ಸಾರಿಗಳು

ನಾನು ದಿನಕ್ಕೆ ಎಷ್ಟು ಸಲ ‘ಸಾರಿ’ ಹೇಳುತ್ತೇನೆಂದು ನನಗೇ ಗೊತ್ತಿಲ್ಲ. ಸಯನ್ ಸ್ಟೇಷನ್ನಿನಲ್ಲಿ ಜನರನ್ನು ದಬ್ಬಿಕೊಂಡು ಲೋಕಲ್ ರೈಲು ಹತ್ತುವಾಗ ಹೇಳಿದರೆ ‘ದಾರಿ ಬಿಡಿ’ ಎಂದರ್ಥ. ಗೋರೆಗಾಂವಿನ ಆಫೀಸಿನಲ್ಲಿ ಸಾಹೇಬರ ಮುಂದೆ ಹೇಳಿದರೆ ‘ತಪ್ಪು ನನ್ನದಲ್ಲ, ಆದರೂ ಬೈದು ಮುಗಿಸಿ’. ಫೋನಿನಲ್ಲಿ ‘ಕೇಳಿಸಲಿಲ್ಲ’, ಬಾಗಿಲಿಗೆ ಚಂದಾ ಕೇಳಲು ಬಂದವರಿಗೆ ‘ಹೊರಡಿ’. ಸಾವಿನ ಮನೆಯಲ್ಲೂ ಅದನ್ನೇ ಹೇಳಿ ಬಂದವನು ನಾನು. ಇಷ್ಟು ದುಡಿಯುವ ಪದ ಸ್ವಂತ ಮನೆಯಲ್ಲೇ ಕೈಕೊಟ್ಟಿತು.

ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳ ಮೇಲೆ, ಮೊದಲ ಸಲ, ಮಾಟುಂಗದ ನಮ್ಮ ಕನ್ನಡ ಬಳಗದ ಕಾರ್ಯಕ್ರಮದಲ್ಲಿ ಹಾಡುವವಳಿದ್ದಳು. ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಮಾತು ಕೊಟ್ಟಿದ್ದೆ. ಹೊರಡುವ ಹೊತ್ತಿಗೆ ಸಾಹೇಬರು ಒಂದು ಕೆಲಸ ಹಚ್ಚಿದರು; ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸುವಾಗ ಮೊಬೈಲಿನಲ್ಲಿ ‘ಸಾರಿ’ ಎಂದು ಕಳಿಸಿದೆ. ತಲುಪಿದಾಗ ಕುರ್ಚಿ ಮಡಚುತ್ತಿದ್ದರು. ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ, ನನ್ನ ಜಾಗ ಹಿಡಿಯಲು ಅವಳು ಹಾಸಿದ್ದ ಕರವಸ್ತ್ರ ಇನ್ನೂ ಇತ್ತು.

“ಸಾರಿ ಅಂದೆನಲ್ಲ?” ಎಂದೆ.

“ಅದನ್ನ ಲೋಕಲ್‌ನ್ಯಾಗ ಕಂಡಕಂಡವ್ರಿಗೆಲ್ಲಾ ಅಂತೀರಿ. ನನಗ ಬ್ಯಾಡ,” ಎಂದಳು.

ಮೂರು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಹಾಡಿನ ನೋಟ್‌ಬುಕ್ಕನ್ನು ಕಪಾಟಿನ ಮೇಲಕ್ಕೆ ಎಸೆದು, ಇನ್ನು ಹಾಡುವುದಿಲ್ಲವೆಂದು ತನ್ನ ತಂಗಿಗೆ ಫೋನಿನಲ್ಲಿ ಹೇಳಿದ್ದು ಕೇಳಿಸಿತು. ನನಗೆ ನಿಜವಾಗಿಯೂ ಭಯವಾಯಿತು.

ರವಿವಾರ ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನೀರಿಗೆಂದು ಹೋದ ನನ್ನ ಕಾಲು ಅವಳಿಗೆ ತಾಗಿತು. ಬಾಯಿ ತೆರೆಯುವ ಮೊದಲೇ ನನ್ನ ಕೈ ಅವಳ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಕಾಲು ತಾಗಿದರೆ ಹೀಗೆ ಮಾಡಬೇಕೆಂದು ಚಿಕ್ಕಂದಿನಲ್ಲಿ ಅವ್ವ ತಲೆಗೆ ಮೊಟಕಿ ಕಲಿಸಿದ್ದು. ಗಂಡಂದಿರು ಹೆಂಡತಿಯರಿಗೆ ಹೀಗೆ ಮಾಡುವ ವಾಡಿಕೆಯಿಲ್ಲ ಎಂಬುದು ಆಮೇಲೆ ನೆನಪಾಯಿತು. ಬಗ್ಗಿದವನು ಹಾಗೇ ಕುಳಿತುಬಿಟ್ಟೆ.

“ನಿನ್ನ ಹಾಡು ಬಿಟ್ಟು ಆಫೀಸಿನ್ಯಾಗ ಕೂತೆ. ತಪ್ಪಾತು,” ಎಂದೆ.

ಸುಮಿತ್ರಾ ಸೊಪ್ಪಿನ ಕಟ್ಟನ್ನು ನನ್ನ ಕಡೆ ಸರಿಸಿದಳು. “ಇದನ್ನ ಬಿಡಸ್ರಿ. ಹಾಡ್ತೀನಿ.”

ಹಾಡಿನ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸಾಹೇಬರ ಫೋನ್ ಬಂತು. ಎತ್ತಲಿಲ್ಲ, ಬಂದ್ ಮಾಡಿ ಪಕ್ಕಕ್ಕಿಟ್ಟೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಸೋಮವಾರ ಬೆಳಿಗ್ಗೆ ಆ ಧೈರ್ಯ ಇರಲಿಲ್ಲ. ಸಾಹೇಬರ ಕೋಣೆಯಲ್ಲಿ ನಿಂತು ಸಾರಿ ಹೇಳಿದೆ, ಮೂರು ಸಲ. ಒಂದೂ ಮನಸ್ಸಿನಿಂದ ಬಂದದ್ದಲ್ಲ.