ಚುಕ್ಕೆ ಹೇಂಟೆಗಾಗಿ ಅರೆದ ಮೆಣಸಿನಕಾಯಿ

ಹಸು ಕಳೆದುಹೋದರೆ ಊರೇ ಎದ್ದು ಹುಡುಕುತ್ತದೆ. ಆಡು ಕಳೆದರೆ ನಾಲ್ಕು ಜನವಾದರೂ ಬರುತ್ತಾರೆ. ಕೋಳಿ ಕಳೆದರೆ ಮಾತ್ರ ಯಾರೂ ಹುಡುಕುವುದಿಲ್ಲ. ಮೂಗೆತ್ತಿ, ಯಾರ ಮನೆಯಿಂದ ಸಾರಿನ ವಾಸನೆ ಬರುತ್ತಿದೆ ಎಂದು ನೋಡುತ್ತಾರೆ ಅಷ್ಟೆ. ನಾನೂ ಅದನ್ನೇ ಮಾಡಿದೆ. ವಾಸನೆ ಬಂದದ್ದು ನಂಜಮ್ಮನ ಮನೆಯಿಂದ.

ನಂಜಮ್ಮ ನನ್ನ ಓರಗಿತ್ತಿ, ಮೈದುನನ ಹೆಂಡತಿ. ತಮಿಳು ಸೀಮೆಯ ನೆಗಮಂ ಊರಿನ ಪಕ್ಕದಲ್ಲಿ ನಮ್ಮದೊಂದು ತುಂಡು ತೋಟ. ಒಂದಿಷ್ಟು ತೆಂಗು, ಒಂದು ಹಸು, ಕೋಳಿಗಳು, ಬಾವಿಯ ಹತ್ತಿರ ಬದನೆ, ಪಡವಲ, ಅವರೆ ಚಪ್ಪರ. ಮುಳ್ಳುಬೇಲಿಯ ಆಚೆ ಅವಳದ್ದೂ ಅಷ್ಟೇ. ಬಾವಿ ಇಬ್ಬರಿಗೂ ಒಂದೇ. ಗಂಡಂದಿರು ತಮ್ಮ ಪಾಡಿಗೆ ಕಣ್ಣು ಮುಚ್ಚಿಬಿಟ್ಟರು. ಬೇಲಿ, ಬಾವಿ, ಜಗಳ ಮೂರನ್ನೂ ನಮ್ಮಿಬ್ಬರಿಗೆ ಬಿಟ್ಟರು. ಆಡಿ ತಿಂಗಳ ಗಾಳಿಗೆ ಅವಳ ನುಗ್ಗೆ ಕೊಂಬೆ ನನ್ನ ಕಡೆ ಮುರಿದು ಬಿದ್ದರೆ ಜಗಳ. ಐಪ್ಪಸಿ ತಿಂಗಳ ಮಳೆ ಬಂದು ನನ್ನ ಅವರೆ ಬಳ್ಳಿ ಅವಳ ಕಡೆ ಹಬ್ಬಿ, ನಾಚಿಕೆಯಿಲ್ಲದೆ ಅಲ್ಲೇ ಕಾಯಿ ಬಿಟ್ಟರೆ ಜಗಳ. ಅವಳ ಆಡುಗಳು ನನ್ನ ಬದನೆಗೆ ನುಗ್ಗಿದಾಗಿನ ಜಗಳಕ್ಕೆ ಕಾಲವೇ ಬೇಕಿಲ್ಲ. ಅದೆಲ್ಲ ಕನ್ನಡದಲ್ಲಿ. ಇದು ಮುಖ್ಯ. ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ತಮಿಳಿನಲ್ಲಿ ಹೇಳುತ್ತಾಳೆ, ಸೊಸೆ ಎರಡನ್ನೂ ಕಲಸಿ ಬಡಿಸುತ್ತಾಳೆ. ಪೂರ್ತಿ ಕನ್ನಡದಲ್ಲಿ ಬಯ್ಯಲಿಕ್ಕೆ, ಬಯ್ಯಿಸಿಕೊಳ್ಳಲಿಕ್ಕೆ ನನಗಿರುವವಳು ನಂಜಮ್ಮ ಒಬ್ಬಳೇ. ಅವಳೇ ಕಳ್ಳಿ ಎಂದಾದರೆ ನಾನು ಹಸುವಿನ ಹತ್ತಿರ ಮಾತಾಡಬೇಕು. ಹಸು ತಿರುಗಿ ಬಯ್ಯುವುದಿಲ್ಲ.

ಕಳೆದದ್ದು ಚುಕ್ಕೆ ಹೇಂಟೆ. ಮಳೆ ಬಿಟ್ಟ ವಾರ, ಸಂಜೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚುವಾಗ ಅದೊಂದು ಇಲ್ಲ. "ವಿಡು ಪಾಟ್ಟಿ, ಕೋಳಿದಾನೆ" ಅಂದಳು ಮೊಮ್ಮಗಳು, ಬಿಡಜ್ಜಿ, ಕೋಳಿ ತಾನೆ ಅಂತ. ಅವಳ ಲೆಕ್ಕದಲ್ಲಿ ಮೊಟ್ಟೆ ಇಡುವುದು ಅಂಗಡಿಯವನು. ಅದೇ ಹೊತ್ತಿಗೆ ಬೇಲಿಯಾಚೆಯಿಂದ ಮಸಾಲೆಯ ವಾಸನೆ ತೇಲಿಬಂತು.

ನಮ್ಮ ಕಡೆ ಕಳುವಾದರೆ ಪೊಲೀಸರಿಗೆ ಹೇಳುವುದಕ್ಕಿಂತ ಆನೈಮಲೈಯ ಮಾಸಾಣಿ ಅಮ್ಮನಿಗೆ ಹೇಳುವವರೇ ಹೆಚ್ಚು. ಗುಡಿಯಲ್ಲಿ ಒಣಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಬಳಿದು ಬಂದರೆ ಕದ್ದವರ ಮೈ ಉರಿಯುತ್ತದೆ, ಕಳೆದದ್ದು ಸಿಗುತ್ತದೆ. ಸಿಕ್ಕಮೇಲೆ ಎಣ್ಣೆ ತೆಗೆದುಕೊಂಡು ಹೋಗಿ ಅಮ್ಮನನ್ನು ತಣ್ಣಗೆ ಮಾಡಬೇಕು. ಒಂದು ಕೋಳಿಗೆ ಇಷ್ಟೆಲ್ಲ ಬೇಕಾ ಎಂದು ನೀವು ಕೇಳಬಹುದು. ಅದು ನಿಮ್ಮ ಕೋಳಿಯಲ್ಲ.

ಬೆಳಿಗ್ಗೆ ಬಾವಿಯ ಹತ್ತಿರ ನಂಜಮ್ಮನಿಗೆ ಕೇಳುವ ಹಾಗೆ ಹೇಳಿದೆ: "ಮಂಗಳವಾರ ಆನೈಮಲೈಗೆ ಹೋಗಿ ಮೆಣಸಿನಕಾಯಿ ಅರೀತೀನಿ."

ಮುಖ ಬಾಡಬೇಕಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, "ನಾನೂ ಬತ್ತೀನಿ ಅಕ್ಕಾ. ಒಬ್ಳೇ ಬಸ್ ಹತ್ತಿ ಬಿದ್ದುಗಿದ್ದೀಯ" ಅಂದಳು. ಇಂಥ ಗಟ್ಟಿಗಿತ್ತಿಯನ್ನು ನಾನು ನೋಡಿರಲಿಲ್ಲ.

ಗುಡಿಯಲ್ಲಿ ಅರೆಯಲು ಕೂತೆ. ಮುಂಗೈಯಲ್ಲಿ ಬಲವಿಲ್ಲ, ಕಾಯಿ ಅತ್ತಿತ್ತ ಜಾರುತ್ತದೆ, ನುಣ್ಣಗಾಗುವುದಿಲ್ಲ. ನಂಜಮ್ಮ ಸ್ವಲ್ಪ ಹೊತ್ತು ನೋಡಿದಳು. "ಅರೀತಿದ್ದೀಯೋ, ಅದಕ್ಕೆ ತಲೆ ಸವರ್ತಿದ್ದೀಯೋ? ಅತ್ಲಾಗೆ ಸರಿ" ಎಂದು ನನ್ನನ್ನು ತಳ್ಳಿ ಕೂತು, ಬೆಣ್ಣೆಯ ಹಾಗೆ ಅರೆದುಕೊಟ್ಟಳು. ಕಳ್ಳಿ ತನ್ನ ಮೈ ಉರಿಸುವ ಮೆಣಸಿನಕಾಯಿಯನ್ನು ತಾನೇ ಅರೆದದ್ದು ಆ ಗುಡಿಯಲ್ಲಿ ಅದೇ ಮೊದಲಿರಬೇಕು ಎಂದುಕೊಂಡೆ. ಕಲ್ಲಿಗೆ ನಾನೇ ಬಳಿದೆ. ಹೆಸರು ಹೇಳಲಿಲ್ಲ. "ಯಾರು ತಗೊಂಡರೋ ಅವರಿಗೆ" ಎಂದಷ್ಟೇ ಅಂದೆ. ಆದರೆ ಮನಸ್ಸಿನೊಳಗೆ ನಂಜಮ್ಮನ ಮುಖ ಬಂದು ನಿಂತಿತು, ಮೂಗುತಿ ಸಮೇತ.

ಮಾರನೆ ದಿನ ಅವಳ ಸೊಸೆ ಬಾವಿಯ ಹತ್ತಿರ ಹೇಳಿದಳು, ಅತ್ತೆಗೆ ಕೈಯೆಲ್ಲ ಉರಿಯಂತೆ, ಮಜ್ಜಿಗೆಯಲ್ಲಿ ಅದ್ದಿ ಕೂತಿದ್ದಾಳಂತೆ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಬರಿಗೈಯಲ್ಲಿ ಅಷ್ಟು ಮೆಣಸಿನಕಾಯಿ ಅರೆದರೆ ಯಾರಿಗಾದರೂ ಉರಿಯುತ್ತದೆ ಎಂದು ಒಂದು ಮನಸ್ಸು. ಸಿಕ್ಕಿಬಿದ್ದಳು ಎಂದು ಇನ್ನೊಂದು. ಆಮೇಲೆ ಅವಳು ನೀರಿಗೆ ಬರುವ ಹೊತ್ತಿಗೆ ನಾನು ಬಾವಿಯ ಕಡೆ ಹೋಗುವುದನ್ನು ಬಿಟ್ಟೆ. ಅವಳ ಆಡು ಬಂದು ಒಂದು ಸಾಲು ಬದನೆ ಮೇಯ್ದರೂ ಸುಮ್ಮನಿದ್ದೆ. ಹಸುವಿನ ಹತ್ತಿರ ಮಾತಾಡಿದೆ. ಅದು ಮೆಲುಕು ಹಾಕಿತು.

ಹಾಗೇ ಎರಡು ಮೂರು ವಾರ ಕಳೆದು ಒಂದು ಬೆಳಿಗ್ಗೆ ಸಗಣಿ ಬಾಚುತ್ತಿದ್ದೇನೆ, ಕೊಟ್ಟಿಗೆಯ ಹಿಂದೆ ಕೊಕ್ ಕೊಕ್ ಎಂದಿತು. ಅಲ್ಲಿ ಒಣಗಿದ ತೆಂಗಿನ ಗರಿಯ ರಾಶಿ. ನಂಜಮ್ಮನ ಆಡು ನುಗ್ಗಬಾರದೆಂದು ನಾನೇ ಬೇಲಿಗೆ ಒತ್ತಿ ಪೇರಿಸಿದ್ದು. ಅದರೊಳಗಿಂದ ಚುಕ್ಕೆ ಹೇಂಟೆ ಬಂತು, ಬಡಕಲಾಗಿ, ಸಿಡುಕು ಮೂತಿ ಮಾಡಿಕೊಂಡು, ಹಿಂದೆ ಒಂದು ಹಿಂಡು ಮರಿ. ಕಳ್ಳತನದಲ್ಲಿ ಮೊಟ್ಟೆಯಿಟ್ಟು ಅಲ್ಲೇ ಕಾವಿಗೆ ಕೂತಿತ್ತು!

ಬುಟ್ಟಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಉಸಿರು ಹಗುರಾಯಿತು. ಕೋಳಿ ಸಿಕ್ಕಿತೆಂದಲ್ಲ, ನಂಜಮ್ಮ ಮತ್ತೆ ಸಿಕ್ಕಳಲ್ಲ ಎಂದು. ಮರುಕ್ಷಣವೇ ಇನ್ನೊಂದು ದಿಗಿಲು: ಕಲ್ಲಿಗೆ ಬಳಿದ ಮೆಣಸಿನಕಾಯಿ ಈಗ ಯಾರಿಗೆ ಹೋಗುತ್ತದೆ? ಕತ್ತಿನ ಹಿಂದೆ ಚುರುಚುರು ಅಂದಿತು. ಬಿಸಿಲು. ಆದರೂ.

"ನಂಜಮ್ಮಾ, ಕೋಳಿ ಬಂತು!" ಎಂದು ಕೂಗಿದೆ. ಅವಳು ಬಂದು ಸೊಂಟಕ್ಕೆ ಕೈ ಕೊಟ್ಟು ಕೋಳಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನನ್ ಮೇಲೇ ತಾನೆ ಅಕ್ಕಾ ಅರೆಯಕ್ಕೆ ಹೋಗಿದ್ದು?"

"ನಾನು ಹೆಸರು ಹೇಳಿಲ್ಲ."

"ಅವತ್ತು ಅಳಿಯ ಬಂದಿದ್ದ. ಅಂಗಡಿ ಕೋಳಿ ತಂದ್ವಿ. ನಿನ್ನ ಮುದಿ ಹೇಂಟೆ ಬೇಯಿಸಕ್ಕೆ ನನ್ ಹತ್ರ ಅಷ್ಟು ಸೌದೆ ಎಲ್ಲೈತೆ?"

"ಗೊತ್ತಿದ್ದೂ ಯಾಕೆ ಅರೆದೆ?"

"ನೀ ಅರೆದಿದ್ರೆ ನಿನ್ನ ಚಟ್ನಿ ಹಂಗೇ ತರಿತರಿ ಇರ್ತಿತ್ತು. ಈ ಮನೆ ಹೆಂಗಸ್ರಿಗೆ ಅರೆಯಕ್ಕೂ ಬರಲ್ಲ ಅಂತ ಅಮ್ಮ ನಗಲ್ವಾ?"

ಚಟ್ನಿಯ ಮಾತು ಬಂದಮೇಲೆ ನಾನು ಬಿಡಲಿಲ್ಲ. ಬದನೆ ಸಾಲಿನ ಬಾಕಿಯನ್ನೂ ಸೇರಿಸಿ ಬಯ್ದೆ. ಅವಳೂ ಬಯ್ದಳು. ಹೊತ್ತು ಏರುವವರೆಗೆ ಕನ್ನಡ ನಡೆಯಿತು. ಹೋಗುವಾಗ ಗಟ್ಟಿಮುಟ್ಟಾದ ಎರಡು ಮರಿಗಳನ್ನು ತೋರಿಸಿ, "ದೊಡ್ಡದಾದ್ಮೇಲೆ ಇವು ನಂದು" ಅಂದಳು. ಸರಿ ಅಂದೆ. ಶುಕ್ರವಾರ ಇಬ್ಬರೂ ಎಣ್ಣೆ ತೆಗೆದುಕೊಂಡು ಆನೈಮಲೈಗೆ ಹೋಗುತ್ತೇವೆ.

ನಿನ್ನೆಯಿಂದ ಹಾಲು ಕರೆಯುವ ಚೊಂಬು ಕಾಣುತ್ತಿಲ್ಲ. ಯಾರಿಗೂ ಹೇಳಿಲ್ಲ. ಗರಿ ರಾಶಿಯಿಂದ ಶುರುಮಾಡಿ, ಮನಸ್ಸಿನೊಳಗೆ ಯಾರ ಮುಖವೂ ಬರದ ಹಾಗೆ ನೋಡಿಕೊಂಡು ಹುಡುಕುತ್ತಿದ್ದೇನೆ. ಮೂಗುತಿಯೊಂದು ಮಾತ್ರ ಆಗಾಗ ಮಿನುಗುತ್ತದೆ.