ಮೀನಿನ ಕಣ್ಣು, ನೂಕರತ್ನಂ ಕತ್ತು

ಮಕ್ಕಳಿಗೆ ಕರುಣೆ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ನನಗೆ ಎಪ್ಪತ್ತೊಂದು ವರ್ಷದವರೆಗೂ ಇತ್ತು. ಈಗ ನನಗೆ ಎಪ್ಪತ್ತೊಂದು ವರ್ಷ, ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಏನಾಯಿತೆಂದು ಹೇಳಿಬಿಡುತ್ತೇನೆ. ಕನ್ಫೆಷನ್ ಮಾಡಿಕೊಂಡರೆ ಮನಸ್ಸು ಹಗುರವಾಗುತ್ತದೆಂದು ನಮ್ಮ ಕಾನ್ವೆಂಟಿನಲ್ಲಿ ಹೇಳುತ್ತಿದ್ದರು. ನಮ್ಮಂಥ ಹಿಂದೂ ಹುಡುಗಿಯರಿಗೆ ಆ ಸೌಲಭ್ಯ ಇರಲಿಲ್ಲವಾದ್ದರಿಂದ ಈಗ ನಿಮ್ಮನ್ನು ಹಿಡಿದುಕೊಂಡಿದ್ದೇನೆ.

ಮೈಸೂರಿನ ಆ ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ಊಟದ ನಂತರ ಮಾರಲ್ ಸೈನ್ಸ್. ಸಿಸ್ಟರ್ ಬರ್ನಡೆಟ್ ನಮ್ಮ ಕಣ್ಣು ಮುಚ್ಚಿಸಿ, "ಗರ್ಲ್ಸ್, ಟುಡೇ ಯೂ ಆರ್ ಎ ಸ್ಪ್ಯಾರೋ" ಎನ್ನುತ್ತಿದ್ದರು. ಗುಬ್ಬಚ್ಚಿಯ ಹಸಿವು, ಚಳಿ, ಬೆಕ್ಕಿನ ಭಯ ಎಲ್ಲವನ್ನೂ ನಾವು ಒಳಗಿನಿಂದ ಅನುಭವಿಸಬೇಕು. ಒಮ್ಮೆ ನಾನು ಎಷ್ಟು ಶ್ರದ್ಧೆಯಿಂದ ಗುಬ್ಬಚ್ಚಿಯಾದೆನೆಂದರೆ ನಾಲ್ಕು ಗಂಟೆಯ ಬೆಲ್ಲು ಹೊಡೆದಾಗಲೇ ಎಚ್ಚರವಾದದ್ದು. ಆದರೂ ಆ ಮೆಥಡ್ ಮೇಲೆ ನನಗೆ ಅಪಾರ ಭಕ್ತಿ. ಆ ಸಿಸ್ಟರ್ ಅವರ ಬಿಳಿ ಉಡುಪಿನ ಸ್ಟಾರ್ಚ್ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬಂದಂತಾಗಿ, ಸುಮ್ಮನೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ.

ಆಮೇಲೆ ಬ್ಯಾಂಕ್ ಆಫೀಸರನ್ನು ಮದುವೆಯಾದೆ, ವರ್ಗವಾಗಿ ವಿಜಯವಾಡಕ್ಕೆ ಬಂದೆವು, ಅಲ್ಲಿನ ಪಟಮಟ ಬಡಾವಣೆಯಲ್ಲೇ ನೆಲೆ ನಿಂತೆವು. ಅವರು ಹೋದ ಮೇಲೂ ನಾನು ಅಲ್ಲೇ ಇದ್ದೇನೆ. ರಜೆ ಬಂದರೆ ಮಾತ್ರ ರೈಲು ಹತ್ತಿ ವಿಶಾಖಪಟ್ಟಣಕ್ಕೆ, ಮಗಳು ವಸುಧಾಳ ಫ್ಲ್ಯಾಟಿಗೆ. ಅವಳು ಡಾಕ್ಟರು. ಅವಳ ಮಗಳು ಇಳಾಗೆ ಎಂಟು ವರ್ಷ. ಕನ್ನಡವೆಂದರೆ ಅವಳಿಗೆ ನನ್ನ ಜೊತೆ ಆಡುವ ಭಾಷೆ. ಜಗಳ, ಲೆಕ್ಕ, ಕನಸು ಎಲ್ಲ ತೆಲುಗಿನಲ್ಲಿ. ಅವಳ ಬಾಯಲ್ಲಿ ನಾನು ಅಜ್ಜಿಯಲ್ಲ, ಅಮ್ಮಮ್ಮ.

ಈ ದಸರಾ ರಜೆಗೆ ಹೋದಾಗ ವಸುಧಾ ಸೂಟ್‌ಕೇಸ್ ಇಳಿಸುವ ಮೊದಲೇ ಶುರುಮಾಡಿದಳು: "ಅಮ್ಮಾ, ಟೀಚರಿಂದ ಕಂಪ್ಲೇಂಟ್. ಕ್ಲಾಸಲ್ಲಿ ಒಂದು ಮಗು ಜಾರಿ ಬಿದ್ದು ಟಿಫಿನ್ ಎಲ್ಲ ಚೆಲ್ಲಿಕೊಂಡ್ರೆ ಇವಳು ಚಪ್ಪಾಳೆ ತಟ್ಟಿ ನಕ್ಕಳಂತೆ. ಕಂಪ್ಯಾಷನ್ ಅನ್ನೋದೇ ಇಲ್ಲ. ನೀನೇ ಏನಾದರೂ ಮಾಡು."

"ಲೀವ್ ಇಟ್ ಟು ಮಿ" ಎಂದೆ. ಇಂಥ ಅಪಾಯಿಂಟ್‌ಮೆಂಟಿಗಾಗಿಯೇ ನಾನು ಅರವತ್ತು ವರ್ಷದಿಂದ ಕಾದಿದ್ದೆ.

ಮೊದಲ ದಿನ ಇಳಾ ಇರುವೆಯಾದಳು. ಎರಡನೆಯ ದಿನ ಬಾಲ್ಕನಿಯ ಪಾರಿವಾಳ. ಮೂರನೆಯ ದಿನ ಬೆಳಿಗ್ಗೆ ಗೇಟಿನ ಬಳಿ "ಚೇಪಲು, ಚೇಪಲೂ!" ಎಂದು ಕೂಗು ಕೇಳಿಸಿತು. ಭೀಮುನಿಪಟ್ಟಣದಿಂದ ದಿನವೂ ಬಂದು ಮೀನು ಮಾರುವ ನೂಕರತ್ನಂ. ಕಿಟಕಿಯಿಂದ ಬುಟ್ಟಿ ತೋರಿಸಿ, "ಇವತ್ತು ನೀನು ಆ ಮೀನು" ಎಂದೆ. "ಕಣ್ಣು ನೋಡು, ಮುಚ್ಚೋದಕ್ಕೂ ಬರಲ್ಲ. ನೀರಿಗೆ ಬಿಡಿ ಅಂತ ಹೇಳೋದಕ್ಕೆ ಬಾಯಿ ಇದ್ದೂ ಮಾತಿಲ್ಲ." ನನ್ನ ಮಾತಿಗೆ ನನ್ನ ಕಣ್ಣೇ ತುಂಬಿತು. ಹುಟ್ಟಾ ಸಸ್ಯಾಹಾರಿಗೆ ಮೀನಿನ ಮೇಲಿನ ಕರುಣೆಯಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಬಿಡಬೇಕಾದದ್ದೇ ಏನೂ ಇಲ್ಲವಲ್ಲ! ಕಾಫಿ ಬಿಡಬೇಕಾದ ಕರುಣೆಯೇನಾದರೂ ಇದ್ದರೆ ನಾನು ಇಷ್ಟು ನಿರರ್ಗಳವಾಗಿ ಮಾತಾಡುತ್ತಿದ್ದೆನೇ, ಗೊತ್ತಿಲ್ಲ.

ಪಾಠ ನಾಟಿತು. ಎಷ್ಟು ನಾಟಿತೆಂದರೆ ಮಾರನೆಯ ಬೆಳಿಗ್ಗೆ ಇಳಾ ಬಿಲ್ಡಿಂಗಿನ ಐದು ಮಕ್ಕಳನ್ನು ಸೇರಿಸಿಕೊಂಡು ಬುಟ್ಟಿಯ ಸುತ್ತ ನಿಂತಳು. ಮೀನು ಕೊಳ್ಳಲು ತಟ್ಟೆ ಹಿಡಿದು ಬಂದವರಿಗೆಲ್ಲ ಒಂದೇ ಮಾತು: "ಅಂಕಲ್, ಪಾಪಂ, ಅದಕ್ಕೂ ಅಮ್ಮ ಇರ್ತಾಳೆ ಕದಾ!" ಮೂಲೆಯಲ್ಲಿ ಅತಿ ಚಿಕ್ಕವನೊಬ್ಬ ನಿಜವಾಗಿಯೂ ಅಳುತ್ತಿದ್ದ. ಎರಡನೇ ಮಹಡಿಯ ಅಂಕಲ್ ಖಾಲಿ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮೆಟ್ಟಿಲು ಹತ್ತಿದರು. ನಾನು ಬಾಲ್ಕನಿಯಲ್ಲಿ ನಿಂತು ಹೆಮ್ಮೆಯಿಂದ ನೋಡಿದೆ. ಮೂರು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಕೆಳಗಿನಿಂದ ಕೂಗು ಬಂದದ್ದು ಮೀನಿಗಲ್ಲ, ನನಗೆ. "ಅಮ್ಮಗಾರೂ! ಮೂರನೇ ಮಹಡಿ ಅಮ್ಮಗಾರೂ! ಸ್ವಲ್ಪ ಇಳಿದು ಬನ್ನಿ!" ಇಳಾಳ ಕೈ ಹಿಡಿದು ಇಳಿದೆ. ನೂಕರತ್ನಂ ಗೇಟಿನ ಕಟ್ಟೆಯ ಮೇಲೆ ಕೂತಿದ್ದಳು. ಎದುರಿಗೆ ತುಂಬಿದ ಗಂಪ, ಅಂದರೆ ಆ ದೊಡ್ಡ ಬುಟ್ಟಿ. ಅವಳ ತೆಲುಗನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಅರ್ಧ ಖಾರ ಹೋಗಿರುತ್ತದೆ.

"ಏಟಮ್ಮಾ ಇದಿ, ಏನಿದು! ಈ ಮಕ್ಕಳಿಗೆ ಪಾಠ ಹೇಳೋ ಟೀಚರಮ್ಮ ನೀವೇ ಅಂತೆ?"

"ಜೀವದಯೆ ಒಳ್ಳೆಯದಲ್ಲವಾ?" ಎಂದೆ, ಸಿಸ್ಟರ್ ಬರ್ನಡೆಟ್ ದನಿಯಲ್ಲಿ.

"ಒಳ್ಳೇದೇ. ಈ ಬಿಲ್ಡಿಂಗಲ್ಲೇ ನನ್ನ ಗಂಪ ಅರ್ಧ ಖಾಲಿಯಾಗ್ತಿತ್ತು. ಮುಂದಿನ ಬೀದಿಗೆ ಹಗುರವಾಗಿ ನಡೀತಿದ್ದೆ. ಈಗ ಮೂರು ದಿನದಿಂದ ಹೊತ್ತು ತಂದಿದ್ದನ್ನ ಹಾಗೇ ಹೊತ್ಕೊಂಡು ಊರೆಲ್ಲ ತಿರುಗ್ತಾ ಇದೀನಿ. ನಾಳೆಯಿಂದ ಈ ಬೀದಿಯೇ ಬಿಟ್ಟುಬಿಡೋದಾ ಅಂತ ಯೋಚನೆ. ಹದಿನಾರು ವರ್ಷದ ಬೀದಿ ಅಮ್ಮಗಾರೂ." ಆಮೇಲೆ ಇಳಾ ಕಡೆ ತಿರುಗಿದಳು. "ಏನೇ ಪಾಪಾ, ಮೀನಿನ ಕಣ್ಣು ಕಾಣ್ತು, ನನ್ನ ಕತ್ತು ಕಾಣಲಿಲ್ಲವಾ?"

ಇಳಾ ಕತ್ತು ನೋಡಿದಳು. ನಂತರ ನನ್ನನ್ನು ನೋಡಿದಳು. "ಅಮ್ಮಮ್ಮಾ, ನೀನು ಇವತ್ತು ನೂಕರತ್ನಂ ಆಂಟಿ ಆಗು."

ನಾನು ಗುಬ್ಬಚ್ಚಿಯಾಗಿದ್ದೇನೆ, ಇವಳನ್ನು ಇರುವೆ ಮಾಡಿದ್ದೇನೆ. ಇದು ಸಿಲಬಸ್ಸಿನಲ್ಲಿ ಇರಲಿಲ್ಲ.

ಅಷ್ಟರಲ್ಲಿ ನೂಕರತ್ನಂ ಸಿಂಬೆಯನ್ನು ತಲೆಗಿಟ್ಟುಕೊಂಡು, "ಒಕ ಚೆಯ್ಯಿ ವೆಯ್ಯಂಡಮ್ಮಾ" ಎಂದಳು, ಒಂದು ಕೈ ಹಾಕಿ ಎಂದು. ತುಂಬಿದ ಗಂಪವನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳಲಾಗದು. ಪ್ರತಿ ಬಾಗಿಲಲ್ಲೂ ಕೊಂಡವರೇ ಎತ್ತಿಕೊಡುವುದು ಈ ವ್ಯಾಪಾರದ ರೂಢಿ. ಕೊಳ್ಳುವವರೇ ಇಲ್ಲದ ಮೇಲೆ ಎತ್ತುವವರು ಯಾರು? ವಾಚ್‌ಮನ್ ಎಲ್ಲೋ ಹೋಗಿದ್ದ. ಇಳಾ ಓಡಿಹೋಗಿ ಹಿಡಿದಳು, ಗಂಪ ಅಲುಗಲೂ ಇಲ್ಲ. ಅವಳ ಮುಖ ಕೆಂಪಾಯಿತು, ತುಟಿ ನಡುಗಿತು. ಶಾಲೆಯಲ್ಲಿ ಚಪ್ಪಾಳೆ ತಟ್ಟಿದವಳು ಇವಳೇನಾ ಅನ್ನಿಸಿತು. "ನಾನು ಮಾಡಿದ್ದು ತಪ್ಪಾ ಅಮ್ಮಮ್ಮಾ?" ಎಂದಳು ಮೆಲ್ಲಗೆ.

ಆ ಪ್ರಶ್ನೆಗೆ ಸುಳ್ಳು ಹೇಳಿದರೆ ಈ ಮಗು ಇನ್ನು ಯಾರಿಗೂ ಮರುಗುವುದಿಲ್ಲ, ಕಲಿತಷ್ಟು ಕರುಣೆಯೂ ಇಲ್ಲೇ ಕಮರಿಹೋಗುತ್ತದೆ ಎಂದು ಹೊಳೆಯಿತು. "ತಪ್ಪಲ್ಲ ಪುಟ್ಟಿ, ಅರ್ಧ ಪಾಠ. ಮಿಕ್ಕರ್ಧ ನನಗೇ ಬಂದಿರಲಿಲ್ಲ" ಎಂದು ಮಂಗಳಗಿರಿ ಸೀರೆಯ ಸೆರಗು ಸಿಕ್ಕಿಸಿ, ಉಸಿರು ಬಿಗಿಹಿಡಿದು, ಜೀವಮಾನದಲ್ಲೇ ಮೊದಲ ಬಾರಿಗೆ ಮೀನಿನ ಬುಟ್ಟಿಗೆ ಕೈ ಹಾಕಿದೆ. ಎತ್ತುವ ಮೊದಲು ಇಳಾ ಬಾದಾಮಿ ಮರದ ಎಲೆ ತಂದು ಮೀನಿನ ಕಣ್ಣುಗಳಿಗೆ ಮುಚ್ಚಿದಳು. ನೂಕರತ್ನಂ ಬೇಡವೆನ್ನಲಿಲ್ಲ. ಗಂಪ ಏರಿತು. ಅದರ ನೀರು ನನ್ನ ಮೊಳಕೈಯಿಂದ ಸೀರೆಗೆ ಇಳಿಯಿತು.

ಆಮೇಲಿನದ್ದು ನನ್ನ ಕೈಮೀರಿತು. ಇಳಾ ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತ, "ಆಂಟೀ, ಬೇಕಿದ್ದೋರು ತಗೋಬಹುದು, ನಾವು ಅಳಲ್ಲ!" ಎಂದು ಸಾರಿದಳು. ಗಂಪ ಮತ್ತೆ ಇಳಿಯಿತು. ಎರಡನೇ ಮಹಡಿಯ ತಟ್ಟೆ ಎಲ್ಲರಿಗಿಂತ ಮೊದಲು ಬಂತು. ನೈಟ್ ಡ್ಯೂಟಿ ಮುಗಿಸಿ ಬಂದ ವಸುಧಾ ಕಂಡದ್ದು, ಮಗಳು ಗಿರಾಕಿಗಳನ್ನು ಕರೆಯುತ್ತಿರುವುದು, ತಾಯಿ ಎರಡನೇ ಸಲ ಬುಟ್ಟಿ ಎತ್ತುತ್ತಿರುವುದು. "ಅಮ್ಮಾ! ನಾನು ಹೇಳಿದ್ದು ಕಂಪ್ಯಾಷನ್!" ಎಂದಳು.

"ಅದೇ ನಡೀತಿರೋದು, ಸೆಕೆಂಡ್ ಟರ್ಮ್" ಎಂದೆ.

ಮಾರನೆಯ ದಿನವೂ ನೂಕರತ್ನಂ ಬಂದಳು. ಕೊಳ್ಳುವವರು ಕೊಂಡರು, ಕರೆಯದಿದ್ದರೂ ನಾನು ಇಳಿದು ಕೈ ಹಾಕಿದೆ. ಗಂಪ ತಲೆಗೇರಿದ ಮೇಲೆ ಅವಳು ಒಂದು ಕೈಯಿಂದಲೇ ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣಿನ ಹೋಳೊಂದನ್ನು ನನಗೆ ಕೊಟ್ಟಳು.

"ಕೈಗೆ ತಿಕ್ಕೊಳ್ಳಿ ಅಮ್ಮಗಾರೂ, ವಾಸನೆ ಹೋಗುತ್ತೆ. ನಿನ್ನೆ ಆಟೋ ಹತ್ತಿದ ಮೇಲೂ ನಿಮ್ಮ ಮುಖವೇ ಕಣ್ಣ ಮುಂದೆ. ಪಾಪಂ, ಆ ಕೈಯಲ್ಲಿ ಹೇಗೆ ಅನ್ನ ತಿಂದರೋ ಅಂತ."

ನಾನು ಹೋಳನ್ನು ಬೆರಳಿಗೆ ತಿಕ್ಕತೊಡಗಿದೆ. ಇಳಾ ವರದಿ ಒಪ್ಪಿಸಿದಳು. "ಅಮ್ಮಮ್ಮ ಸ್ಪೂನಲ್ಲಿ ತಿಂದ್ಲು ಆಂಟೀ! ಎರಡು ಹೊತ್ತೂ!"

ನೂಕರತ್ನಂ ಎಷ್ಟು ನಕ್ಕಳೆಂದರೆ ತಲೆಯ ಮೇಲಿನ ಗಂಪ ವಾಲತೊಡಗಿತು. ನಿಂಬೆ ಹೋಳನ್ನು ಅಲ್ಲೇ ಬಿಸಾಕಿ, ಎರಡೂ ಕೈ ಚಾಚಿ ಅದನ್ನು ಹಿಡಿದುಕೊಂಡೆ.