ಶುಕ್ರವಾರದ ನಾಲ್ಕು ತಾಸು ನೀರು

“ನೋಡ, ಬೋರು ನಮ್ಮದಿರಬಹುದು, ತಳದಾಗಿನ ಸೆಲಿ ಎಲ್ಲಾರ್ದು. ಅದಕ್ಕೇ ನಮ್ಮ ಮುಡಬಿ ಊರಿನ ನೀರಿನ ಸಂಘದವ್ರು ಒಬ್ಬೊಬ್ಬರಿಗೆ ವಾರಕ್ಕ ಇಷ್ಟು ತಾಸು ನೀರು ಅಂತ ಹಂಚ್ಯಾರ. ಬ್ಯಾಡಾದವ್ರು ತಮ್ಮ ತಾಸು ಮಾರ್ತಾರ, ಬೇಕಾದವ್ರು ಕೊಳ್ತಾರ. ಹೀಂಗಾದ್ರ ಒಬ್ಬರ ಮ್ಯಾಲ ಒಬ್ಬರು ಜಿದ್ದಿಗೆ ಬಿದ್ದು ಬೋರು ಕೊರಿಯೂದು ನಿಲ್ತದ, ಎಲ್ಲಾರ ಹೊಲಾನೂ ಬದುಕ್ತದ. ತಿಳೀತೇನು?”

ಬಂಡೆಪ್ಪ ಒಡ್ಡಿನ ಮೇಲೆ ಕೂತು ಹೀಗೆ ಭಾಷಣ ಬಿಗಿಯುತ್ತಿದ್ದರೆ, ಹೆಂಡತಿ ಸುಂದರಬಾಯಿಯ ಕಣ್ಣೆಲ್ಲ ತಲೆ ಬಾಗಿಸಿ ನಿಂತ ಬದನೆ ಸಸಿಗಳ ಮೇಲೆ. ಇವತ್ತು ನೀರು ಕಾಣದಿದ್ದರೆ ನಾಳೆ ಅವು ಒಲೆಗೇ ಸರಿ.

ಸುಂದರಬಾಯಿ: ಎಲ್ಲಾ ತಿಳೀತ್ರಿ. ನಮ್ಮ ಇವತ್ತಿನ ನಾಲ್ಕು ತಾಸು ಏನಾದ್ವು?

ಬಂಡೆಪ್ಪ: ಮಾರೀನಿ, ಬಂದ ರೇಟಿಗಿ ಕೊಡ್ರಿ ಅಂತ ಸಂಘದವ್ರಿಗಿ ಹೇಳೀನಿ. ತೊಗರಿ ಕೊಯ್ದು ಆತು, ಇನ್ನ ನೀರು ಯಾಕ?

ಸುಂದರಬಾಯಿ: ನನ್ನ ಬದನಿಗಿ?

ಬಂಡೆಪ್ಪ: ಬದನಿ ಒಂದು ಬೆಳಿ ಏನ? ಸಂಘದ ಯಾವ ಕಾಗದದಾಗ ಅದ?

ಸುಂದರಬಾಯಿ: ಕಾಗದದಾಗ ಇಲ್ರಿ, ದಿನಾ ನಿಮ್ಮ ತಾಟಿನ್ಯಾಗ ಇರ್ತದ. ಇರ್ಲಿ. ನಾನೂ ಸಂಘದಾಗ ನಾಲ್ಕು ತಾಸು ಕೊಂಡೀನಿ, ತಾಸಿಗಿ ನೂರು.

ಬಂಡೆಪ್ಪ: ಈ ಬಿಸಲಾಗ ಬರೀ ನೂರಕ್ಕ! ಅಂಥ ಅಕ್ಕಲ್ ಇಲ್ಲದವ ಯಾವನ?

ಸುಂದರಬಾಯಿ: ಹೆಸರು ಹೇಳೂದಿಲ್ರಿ ಅವ್ರು. ಹೇಳಿದ್ರ ಹಳೀ ಜಗಳ ಇದ್ದವ್ರು ‘ಅವನ ನೀರು ನಮಗ ಬ್ಯಾಡ’ ಅಂತಾರಂತ.

ಅಷ್ಟರಲ್ಲಿ ಸಂಘದ ಲೆಕ್ಕ ನೋಡುವ ಲಾಲಪ್ಪ ಸೈಕಲ್ಲಿನಿಂದ ಇಳಿದ.

ಲಾಲಪ್ಪ: ಬಂಡೆಪ್ಪಣ್ಣಾ, ಇನ್ನಾ ಮೋಟಾರ್ ಚಾಲೂ ಮಾಡಿಲ್ಲ? ಗಿರಾಕಿ ಕಾಯಾಕತ್ತಾರ.

ಬಂಡೆಪ್ಪ: ಎಲ್ಲಿ ಅದಾನ ಗಿರಾಕಿ?

ಲಾಲಪ್ಪ ಸುಂದರಬಾಯಿಯ ಕಡೆ ಗದ್ದ ಎತ್ತಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹೋಯಿತು.

ಬಂಡೆಪ್ಪ: ಏ, ಸೌದಾ ರದ್ದು ಮಾಡ! ಬ್ಯಾರೇದವ್ರಿಗಿ ನೂರೈವತ್ತಕ್ಕ ಕೊಡ್ತೀನಿ.

ಸುಂದರಬಾಯಿ: ಎಲ್ಲಾರ ಹೊಲಾನೂ ಬದುಕಬೇಕು, ಹೆಂಡ್ತಿದು ಬಿಟ್ಟು?

ಲಾಲಪ್ಪ: ಬರದದ್ದು ಅಳಸಾಕ ಬರೂದಿಲ್ಲಣ್ಣಾ. ಅದರ ಮ್ಯಾಲ ಸಂಘದ ಕಾಯ್ದೆ ಗೊತ್ತದಲ್ಲ? ಮಾರಿದವ್ರೇ ನಿಂತು ಗಿರಾಕಿ ಮಡಿಗಳಿಗಿ ನೀರು ತಿರುವಬೇಕು.

ಬಂಡೆಪ್ಪ: ಹತ್ತೊಂಬತ್ತು ವರ್ಷ ಆಕೀನೇ ತಿರುವ್ಯಾಳ!

ಸುಂದರಬಾಯಿ: ಆವಾಗ ನಾ ಹೆಂಡ್ತಿ ಇದ್ನಿರಿ. ಇವತ್ತ ಗಿರಾಕಿ.

ಅವಳು ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಳು. ಇಷ್ಟು ತಣ್ಣಗೆ ಆ ಹೊಲದಲ್ಲಿ ಅವಳು ಎಂದೂ ಕೂತಿರಲಿಲ್ಲ.

ಬಂಡೆಪ್ಪ: ಬರೇ ಕುಂತ್ರ ಹ್ಯಾಂಗ? ಒಂದು ಕಪ್ ಚಹಾ ಆದ್ರೂ ಮಾಡು.

ಸುಂದರಬಾಯಿ: ಚಹಾದ ತಾಸಿಗಿ ಸಂಘದವ್ರು ಇನ್ನಾ ರೇಟ್ ಕಟ್ಟಿಲ್ರಿ.

ಬಂಡೆಪ್ಪ ಗೊಣಗುತ್ತ ಮೋಟಾರು ಹಚ್ಚಿದ. ಧೋತರ ಮೇಲೆ ಕಟ್ಟಿ, ಸಲಿಕೆಯಿಂದ ಮೊದಲ ಮಡಿಯ ಬಾಯಿ ಬಿಡಿಸಿದ. ಅದು ತುಂಬಿದ ಮೇಲೆ ಮುಚ್ಚಿ, ಎರಡನೆಯದರ ಬಾಯಿ ಬಿಡಿಸಿದ.